ಮಗನ ತಲೆಯೊಳಗಿನ ಟ್ಯೂಬು, ಮಗಳ ದಡಾರ: ರೋಲ್ಡ್ ಡಾಲ್ ಎಂಬ ಅಪ್ಪನ ಕತೆ

ಚಾರ್ಲಿ ಅಂಡ್ ದಿ ಚಾಕೊಲೇಟ್ ಫ್ಯಾಕ್ಟರಿ, ಮಟಿಲ್ಡಾ, ದಿ ಬಿಎಫ್‌ಜಿ. ಈ ಹೆಸರುಗಳಲ್ಲಿ ಒಂದನ್ನಾದರೂ ನೀವು ಕೇಳಿರುತ್ತೀರಿ. ಪುಸ್ತಕ ಓದದಿದ್ದರೂ ಮಕ್ಕಳ ಜೊತೆ ಕೂತು ಸಿನಿಮಾ ನೋಡಿರಬಹುದು. ಇವನ್ನೆಲ್ಲ ಬರೆದವರು ಬ್ರಿಟನ್ನಿನ ರೋಲ್ಡ್ ಡಾಲ್. ಅವರ ಹೆಸರಿನಲ್ಲಿ ಇನ್ನೊಂದು ಕತೆಯೂ ಓಡಾಡುತ್ತಿರುತ್ತದೆ. ಪುಟ್ಟ ಮಗನ ತಲೆಗೆ ಏಟು ಬಿದ್ದು ಮೆದುಳಿನಲ್ಲಿ ನೀರು ತುಂಬಿತು, ಡಾಕ್ಟರುಗಳು ಕೈಚೆಲ್ಲಿದರು, ಅಪ್ಪ ತಾನೇ ಕೂತು ಒಂದು ವಾಲ್ವ್ ಕಂಡುಹಿಡಿದು ಮಗನ ಜೀವ ಉಳಿಸಿದ ಅನ್ನುವ ಕತೆ.

ಕೇಳಲು ಚೆನ್ನಾಗಿದೆ. ಫಾರ್ವರ್ಡ್ ಮಾಡಲು ಇನ್ನೂ ಚೆನ್ನಾಗಿದೆ. ಆದರೆ ಇದರಲ್ಲಿ ಅರ್ಧ ನಿಜ, ಅರ್ಧ ಸಿನಿಮಾ. ಡಾಕ್ಟರುಗಳು ಕೈಚೆಲ್ಲಿರಲಿಲ್ಲ. ಡಾಲ್ ಒಬ್ಬರೇ ಕೂತು ಏನನ್ನೂ ಕಂಡುಹಿಡಿಯಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆ ವಾಲ್ವ್ ಅವರ ಮಗನ ತಲೆಗೆ ಹೋಗಲೇ ಇಲ್ಲ. ಹಾಗಿದ್ದರೆ ನಡೆದದ್ದೇನು ಎಂದು ನಾವು ಓದುತ್ತಾ ಹೋದಾಗ ಸಿಕ್ಕಿದ್ದು ಫಾರ್ವರ್ಡಿಗಿಂತ ಗಟ್ಟಿಯಾದ ಕತೆ. ಆಪರೇಷನ್ ಆದ ಮಗುವನ್ನು ಮನೆಗೆ ತಂದುಕೊಂಡು, ಅದು ವಾಂತಿ ಮಾಡಿದರೂ ಎದೆ ಧಸಕ್ಕೆನ್ನುವ ಅಪ್ಪ ಅಮ್ಮಂದಿರಿಗೆ ಇದರಲ್ಲಿ ತಮ್ಮ ದಿನಗಳೇ ಕಾಣಿಸಬಹುದು.

ಮೊದಲು ಡಾಲ್ ಯಾರು ಅನ್ನುವುದನ್ನು ಬೇಗ ಮುಗಿಸೋಣ. ಹುಟ್ಟಿದ್ದು 1916ರ ಸೆಪ್ಟೆಂಬರ್ 13ರಂದು, ವೇಲ್ಸ್‌ನ ಕಾರ್ಡಿಫ್ ನಗರದ ಲ್ಯಾಂಡಾಫ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ನಾರ್ವೆಯವರು. 1920ರಲ್ಲಿ ಏಳು ವರ್ಷದ ಅಕ್ಕ ಆಸ್ಟ್ರಿ ಅಪೆಂಡಿಸೈಟಿಸ್‌ನಿಂದ ತೀರಿಕೊಂಡಳು. ಕೆಲವೇ ವಾರಗಳಲ್ಲಿ ಅಪ್ಪ ನ್ಯುಮೋನಿಯಾದಿಂದ ತೀರಿಕೊಂಡರು. ಆಂಟಿಬಯಾಟಿಕ್‌ಗಳು ಇಲ್ಲದ ಕಾಲ ಅದು. ಆಗ ಡಾಲ್‌ಗೆ ಮೂರು ವರ್ಷ. ಏಳು ವರ್ಷ ಅನ್ನುವ ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಓದು ಮುಗಿಸಿ ಶೆಲ್ ತೈಲ ಕಂಪನಿ ಸೇರಿ, ಪೂರ್ವ ಆಫ್ರಿಕಾದ ದಾರ್ ಎಸ್ ಸಲಾಮ್‌ಗೆ ಹೋದರು. ಎರಡನೇ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ವಾಯುಪಡೆ ಸೇರಿ ಪೈಲಟ್ ಆದರು. 1940ರ ಸೆಪ್ಟೆಂಬರ್‌ನಲ್ಲಿ ಅವರ ವಿಮಾನ ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಬಿತ್ತು. ತಲೆಬುರುಡೆ ಒಡೆಯಿತು, ಮೂಗು ಜಜ್ಜಿಹೋಯಿತು, ಕೆಲಕಾಲ ಕಣ್ಣು ಕಾಣಿಸಲಿಲ್ಲ. ಅಲೆಕ್ಸಾಂಡ್ರಿಯಾದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದರು. ತಲೆಗೆ ಏಟು ಬಿದ್ದರೆ ಏನಾಗುತ್ತದೆ, ಕಣ್ಣು ಕಾಣದೆ ಹಾಸಿಗೆಯಲ್ಲಿ ಬಿದ್ದಿರುವುದು ಹೇಗಿರುತ್ತದೆ ಅನ್ನುವುದು ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ. ಬರವಣಿಗೆ ಶುರುವಾದದ್ದು ಆಮೇಲೆ, ಅಮೆರಿಕದಲ್ಲಿ. 1953ರಲ್ಲಿ ಹಾಲಿವುಡ್ ನಟಿ ಪ್ಯಾಟ್ರಿಷಿಯಾ ನೀಲ್ ಅವರನ್ನು ಮದುವೆಯಾದರು. ಇಂಗ್ಲೆಂಡಿನ ಗ್ರೇಟ್ ಮಿಸೆಂಡನ್ ಹಳ್ಳಿಯಲ್ಲಿ ಮನೆ ಮಾಡಿಕೊಂಡರು. ಹೆಂಡತಿಯ ಕೆಲಸಕ್ಕಾಗಿ ಆಗಾಗ ನ್ಯೂಯಾರ್ಕ್‌ಗೂ ಹೋಗಿ ಇರುತ್ತಿದ್ದರು.

ತಳ್ಳುಗಾಡಿ ಮತ್ತು ಟ್ಯಾಕ್ಸಿ

1960ರ ಡಿಸೆಂಬರ್ 5, ನ್ಯೂಯಾರ್ಕ್. ಮಗು ನೋಡಿಕೊಳ್ಳುವ ಹೆಂಗಸು ನಾಲ್ಕು ತಿಂಗಳ ಗಂಡುಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು, ಜೊತೆಗೆ ಶಾಲೆಯಿಂದ ಬರುತ್ತಿದ್ದ ಅದರ ಅಕ್ಕನನ್ನೂ ಕರೆದುಕೊಂಡು ರಸ್ತೆ ದಾಟುತ್ತಿದ್ದರು. ಒಂದು ಟ್ಯಾಕ್ಸಿ ತಳ್ಳುಗಾಡಿಗೆ ಗುದ್ದಿತು. ಗಾಡಿ ಹಾರಿ ಬಸ್ಸಿಗೆ ಅಪ್ಪಳಿಸಿತು. ಮಗುವಿನ ತಲೆಬುರುಡೆ ಹಲವು ಕಡೆ ಒಡೆಯಿತು.

ಮಗು ಬದುಕಿತು. ಆದರೆ ಕೆಲವೇ ದಿನಗಳಲ್ಲಿ ಎರಡನೇ ತೊಂದರೆ ಶುರುವಾಯಿತು. ಡಾಕ್ಟರುಗಳು ಅದನ್ನು ಹೈಡ್ರೋಸೆಫಾಲಸ್ ಅನ್ನುತ್ತಾರೆ. ನಮ್ಮ ಕಡೆ ತಲೆಯಲ್ಲಿ ನೀರು ತುಂಬಿಕೊಂಡಿದೆ ಅನ್ನುತ್ತೇವೆ.

ಇಲ್ಲಿ ಸ್ವಲ್ಪ ನಿಂತು ಈ ನೀರು ಯಾವುದು ಅಂತ ನೋಡೋಣ. ಅದು ಹೊರಗಿನಿಂದ ಬಂದ ನೀರಲ್ಲ, ತಲೆಗೆ ಸ್ನಾನ ಮಾಡಿಸಿದ್ದಕ್ಕೋ ಶೀತಕ್ಕೋ ಬರುವುದೂ ಅಲ್ಲ. ನಮ್ಮೆಲ್ಲರ ಮೆದುಳಿನ ಒಳಗೆ ಪುಟ್ಟ ಪುಟ್ಟ ಕೋಣೆಗಳಿವೆ. ಅಲ್ಲಿ ತಿಳಿನೀರಿನಂಥ ದ್ರವ ದಿನವೂ ಹುಟ್ಟುತ್ತದೆ. ದೊಡ್ಡವರಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್. ಆದರೆ ಯಾವುದೇ ಕ್ಷಣದಲ್ಲಿ ಒಳಗಿರುವುದು ಅಂದಾಜು 150 ಎಂಎಲ್ ಮಾತ್ರ, ಒಂದು ಕಾಫಿ ಲೋಟದಷ್ಟು. ಅಂದರೆ ದಿನಕ್ಕೆ ಮೂರು ನಾಲ್ಕು ಸಲ ಹಳೆಯ ದ್ರವ ರಕ್ತಕ್ಕೆ ಸೇರಿ ಹೊಸದು ಬರುತ್ತಲೇ ಇರಬೇಕು. ಹೋಗುವ ದಾರಿ ಎಲ್ಲಾದರೂ ಕಟ್ಟಿಕೊಂಡರೆ? ಹುಟ್ಟುವುದು ನಿಲ್ಲುವುದಿಲ್ಲ, ಹೋಗುವುದು ನಿಲ್ಲುತ್ತದೆ. ಒಳಗಿನ ಕೋಣೆಗಳು ಹಿಗ್ಗಿ ಮೆದುಳನ್ನು ಗೋಡೆಗೆ ಒತ್ತುತ್ತವೆ. ಹಸುಗೂಸಿನ ತಲೆಬುರುಡೆ ಇನ್ನೂ ಕೂಡಿಕೊಂಡಿರುವುದಿಲ್ಲ, ಆದ್ದರಿಂದ ತಲೆಯೇ ದೊಡ್ಡದಾಗುತ್ತಾ ಹೋಗುತ್ತದೆ.

ಕಾರಣಗಳು ಹಲವು. ಹುಟ್ಟುವಾಗಲೇ ದಾರಿ ಕಿರಿದಾಗಿರಬಹುದು, ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೆ ಇರಬಹುದು, ಮೆದುಳುಜ್ವರ ಬಂದು ಹೋಗಿರಬಹುದು, ಗೆಡ್ಡೆ ಇರಬಹುದು, ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿಗೆ ತಲೆಯೊಳಗೆ ರಕ್ತಸ್ರಾವ ಆಗಿರಬಹುದು. ಡಾಲ್ ಮಗನಿಗೆ ಏಟಿನಿಂದ ಆಯಿತು. ಬಸುರಿ ಗ್ರಹಣ ನೋಡಿದ್ದಕ್ಕೆ ಮಗುವಿನ ತಲೆ ಹೀಗಾಯಿತು, ಯಾರದೋ ದೃಷ್ಟಿ ತಾಗಿತು ಎಂದು ಹೇಳುವವರು ನಮ್ಮಲ್ಲಿ ಈಗಲೂ ಇದ್ದಾರೆ. ತಾಯತ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಕಳೆದ ವಾರಗಳಲ್ಲಿ ಆ ಒತ್ತಡ ಮೆದುಳಿಗೆ ಮಾಡಿದ ಹಾನಿ ವಾಪಸ್ ಬರುವುದಿಲ್ಲ. ಅಂಗನವಾಡಿಯಲ್ಲೋ ಆಸ್ಪತ್ರೆಯಲ್ಲೋ ಟೇಪು ಹಿಡಿದು ಮಗುವಿನ ತಲೆ ಸುತ್ತಳತೆ ಬರೆದುಕೊಳ್ಳುತ್ತಾರಲ್ಲ, ಅದು ಇದನ್ನು ಬೇಗ ಹಿಡಿಯುವುದಕ್ಕೂ ಹೌದು.

ಟ್ಯೂಬು ಕಟ್ಟಿಕೊಂಡಾಗ

ಇದಕ್ಕೆ ಔಷಧಿಯಲ್ಲಿ ಪರಿಹಾರವಿಲ್ಲ, ಪ್ಲಂಬಿಂಗ್‌ನಲ್ಲಿದೆ. ಮೆದುಳಿನ ಕೋಣೆಗೆ ತೆಳುವಾದ ಟ್ಯೂಬು ಇಟ್ಟು, ಚರ್ಮದ ಕೆಳಗೇ ಅದನ್ನು ಇಳಿಸಿ, ದ್ರವವನ್ನು ದೇಹದ ಬೇರೆ ಕಡೆಗೆ ಬಿಡುತ್ತಾರೆ. ಇದಕ್ಕೆ ಶಂಟ್ ಎಂದು ಹೆಸರು. ಈಗ ಬಹುತೇಕ ಹೊಟ್ಟೆಯ ಒಳಗೆ ಬಿಡುತ್ತಾರೆ, ಆಗ ಹೆಚ್ಚಾಗಿ ಹೃದಯದ ಕಡೆಗೆ ಬಿಡುತ್ತಿದ್ದರು. ದಾರಿಯ ಮಧ್ಯೆ ಒಂದು ವಾಲ್ವ್ ಬೇಕು. ದ್ರವ ಒಂದೇ ಕಡೆಗೆ ಹರಿಯಬೇಕು, ರಕ್ತ ಹಿಂದಕ್ಕೆ ನುಗ್ಗಬಾರದು, ಒಮ್ಮೆಲೇ ಎಲ್ಲ ಬಸಿದುಹೋಗಲೂಬಾರದು.

ಡಾಲ್ ಮಗನಿಗೂ ಶಂಟ್ ಹಾಕಿದರು. ಅದು ಕಟ್ಟಿಕೊಂಡಿತು. ಬಿಚ್ಚಿ ಸರಿಪಡಿಸಿದರು. ಮತ್ತೆ ಕಟ್ಟಿಕೊಂಡಿತು. ಕಟ್ಟಿಕೊಂಡಾಗೆಲ್ಲ ಮಗುವಿಗೆ ವಿಪರೀತ ನೋವು, ಜೊತೆಗೆ ಕಣ್ಣು ಕಾಣಿಸದಂತಾಗುವುದು. ಪ್ರತಿ ಸಲವೂ ಮತ್ತೆ ಆಸ್ಪತ್ರೆ, ಮತ್ತೆ ತಲೆ ಬೋಳಿಸುವುದು, ಮತ್ತೆ ಆಪರೇಷನ್. 1961ರಲ್ಲಿ ಕುಟುಂಬ ಇಂಗ್ಲೆಂಡಿಗೆ ವಾಪಸಾಯಿತು. ಅಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ನರಶಸ್ತ್ರಚಿಕಿತ್ಸಕ ಕೆನೆತ್ ಟಿಲ್ ಮಗುವನ್ನು ನೋಡಿಕೊಳ್ಳಲು ಶುರುಮಾಡಿದರು.

ಶಂಟ್ ಹಾಕಿದ ಮೇಲೆ ಎಲ್ಲ ಮುಗಿಯಿತು, ಮಗು ಗುಣವಾಯಿತು ಅನ್ನುವ ನಂಬಿಕೆ ಇವತ್ತಿಗೂ ಇದೆ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ದಿನ ನೆಂಟರೆಲ್ಲ ಹಾಗೇ ಹೇಳುತ್ತಾರೆ. ನಿಜ ಏನೆಂದರೆ ಈಗಿನ ಕಾಲದ ಶಂಟ್‌ಗಳಲ್ಲೂ ಮಕ್ಕಳಿಗೆ ಹಾಕಿದ ಹತ್ತರಲ್ಲಿ ಸುಮಾರು ನಾಲ್ಕು ಮೊದಲ ವರ್ಷದಲ್ಲೇ ಕೈಕೊಡುತ್ತವೆ, ಎರಡು ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು. ಇದು ಡಾಕ್ಟರ ತಪ್ಪೂ ಅಲ್ಲ, ತಾಯಿ ಸರಿಯಾಗಿ ನೋಡಿಕೊಳ್ಳದ್ದಕ್ಕೆ ಆದದ್ದೂ ಅಲ್ಲ. ಜೀವಂತ ದೇಹದೊಳಗೆ ತೆಳು ಟ್ಯೂಬು ಇಟ್ಟರೆ ಹೀಗಾಗುತ್ತದೆ. ಅದಕ್ಕೇ ಮನೆಯವರ ಕಣ್ಣು ಮುಖ್ಯ. ಸುಮ್ಮಸುಮ್ಮನೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಕೂಸಿನಲ್ಲಾದರೆ ಉಬ್ಬಿದ ನೆತ್ತಿ, ಸಮಾಧಾನವೇ ಆಗದ ಅಳು, ಕೆಳಕ್ಕೇ ನೋಡುವ ಕಣ್ಣು, ಆಪರೇಷನ್ ಆದ ಜಾಗ ಕೆಂಪಾಗುವುದು, ಜ್ವರ. ಇವು ಕಂಡರೆ ಬೆಳಗಾಗಲಿ ನೋಡೋಣ ಅನ್ನುವಂತಿಲ್ಲ, ಆ ರಾತ್ರಿಯೇ ಹೊರಡಬೇಕು. ಅಜೀರ್ಣ ಎಂದುಕೊಂಡು ಓಮದ ನೀರು ಕುಡಿಸಿ ಮಲಗಿಸುವುದು ಇಲ್ಲಿ ಅಪಾಯ. ಶಂಟ್ ಇರುವ ಮಗುವಿನ ಮನೆಯವರು ಡಿಸ್ಚಾರ್ಜ್ ಸಮ್ಮರಿಯ ಒಂದು ಫೋಟೊವನ್ನು ಮೊಬೈಲಿನಲ್ಲೇ ಇಟ್ಟುಕೊಂಡರೆ ಅಪರಿಚಿತ ಆಸ್ಪತ್ರೆಯಲ್ಲೂ ಅರ್ಧ ಗಂಟೆ ಉಳಿಯುತ್ತದೆ.

ಆಟದ ವಿಮಾನದಿಂದ ಬಂದ ಉಪಾಯ

ಡಾಲ್ ಟಿಲ್ ಅವರನ್ನು ಕೇಳಿದ್ದು ಸರಳ ಪ್ರಶ್ನೆ: ಇದು ಯಾಕೆ ಕಟ್ಟಿಕೊಳ್ಳುತ್ತದೆ? ಟಿಲ್‌ಗೆ ಉತ್ತರ ಗೊತ್ತಿತ್ತು. ಆಗಿನ ವಾಲ್ವ್‌ಗಳು ಸಿಲಿಕೋನ್ ರಬ್ಬರಿನಲ್ಲಿ ಸಣ್ಣ ಸೀಳು ಬಿಟ್ಟು ಮಾಡಿದವು. ತಲೆಯೊಳಗೆ ರಕ್ತಸ್ರಾವ ಆಗಿದ್ದ ಮಕ್ಕಳಲ್ಲಿ ದ್ರವದ ಜೊತೆ ಚೂರುಪಾರು ಕಸವೂ ಬರುತ್ತದೆ, ಅದು ಆ ಸೀಳಿಗೆ ಸಿಕ್ಕಿಕೊಳ್ಳುತ್ತದೆ.

ಡಾಲ್‌ಗೆ ನೆನಪಾದದ್ದು ಸ್ಟಾನ್ಲಿ ವೇಡ್. ವೇಡ್ ಡಾಕ್ಟರಲ್ಲ, ಹೈಡ್ರಾಲಿಕ್ ಇಂಜಿನಿಯರ್. ಆಟದ ವಿಮಾನಗಳ ಪುಟಾಣಿ ಎಂಜಿನ್‌ಗಳಿಗೆ ಇಂಧನ ಒದಗಿಸುವ ಪಂಪು ಮಾಡುವುದರಲ್ಲಿ ಪಳಗಿದವರು. ಇಂಥ ವಿಮಾನ ಹಾರಿಸುವುದು ಡಾಲ್‌ಗೂ ಹವ್ಯಾಸವಾಗಿತ್ತು, ಪರಿಚಯ ಹಾಗೆ. ಅಷ್ಟು ಸಣ್ಣ ಕೊಳವೆಯಲ್ಲಿ ಪೆಟ್ರೋಲು ಕಟ್ಟಿಕೊಳ್ಳದಂತೆ ಮಾಡಬಲ್ಲವರು ಮೆದುಳಿನ ದ್ರವಕ್ಕೂ ದಾರಿ ಮಾಡಿಕೊಡಬಹುದಲ್ಲ?

ಡಾಲ್, ವೇಡ್, ಟಿಲ್ ಮೂವರೂ ಸೇರಿ ಕೆಲಸ ಮಾಡಿದರು. ಟಿಲ್‌ಗೆ ಮೆದುಳು ಗೊತ್ತು, ವೇಡ್‌ಗೆ ಲೋಹ ಗೊತ್ತು. ಡಾಲ್ ಇವರಿಬ್ಬರನ್ನು ಒಂದು ಕಡೆ ತಂದು, ಬಿಡದೆ ಹಿಂದೆ ಬಿದ್ದರು. ನಮ್ಮ ಲೆಕ್ಕದಲ್ಲಿ ಇದೇನು ಸಣ್ಣ ಕೆಲಸವಲ್ಲ. ಶಸ್ತ್ರಚಿಕಿತ್ಸಕ ಇಂಜಿನಿಯರ್‌ನ ವರ್ಕ್‌ಶಾಪಿಗೆ ತಾನಾಗಿ ಹೋಗುವುದಿಲ್ಲ, ಇಂಜಿನಿಯರ್ ಆಪರೇಷನ್ ಥಿಯೇಟರಿಗೆ ಬರುವುದಿಲ್ಲ. ಎರಡೂ ಕಡೆ ಓಡಾಡುವುದು ಮಗುವಿನ ಮನೆಯವರು ಮಾತ್ರ.

ವಾಲ್ವ್ ನೋಡಲು ಸರಳ. ಒಂದು ಚಿಕ್ಕ ಸಿಲಿಕೋನ್ ಟ್ಯೂಬು. ಅದರ ಎರಡೂ ತುದಿಯಲ್ಲಿ ಪುಟ್ಟ ಗೂಡು, ಗೂಡಿನೊಳಗೆ ಲೋಹದ ತೆಳು ಬಿಲ್ಲೆ. ಮೆದುಳಿನ ಕಡೆಯಿಂದ ಒತ್ತಡ ಬಂದಾಗ ಬಿಲ್ಲೆ ಸರಿದು, ದ್ರವ ಅದರ ಅಂಚಿನಿಂದ ಹರಿದುಹೋಗುತ್ತದೆ. ಆಚೆಯಿಂದ ಹಿಂದಕ್ಕೆ ಒತ್ತಡ ಬಂದರೆ ಅದೇ ಬಿಲ್ಲೆ ವಾಪಸ್ ಬಂದು ಬಾಗಿಲು ಮುಚ್ಚುತ್ತದೆ. ಬೋರ್‌ವೆಲ್ ಪೈಪಿನ ನಾನ್ ರಿಟರ್ನ್ ವಾಲ್ವ್ ನೋಡಿದವರಿಗೆ ಕೂಡಲೇ ಹೊಳೆಯುತ್ತದೆ, ತತ್ವ ಅದೇ. ಕಸ ಸಿಕ್ಕಿಕೊಳ್ಳಲು ರಬ್ಬರಿನ ಸೀಳು ಇಲ್ಲ, ಕ್ರಿಮಿಶುದ್ಧಿ ಮಾಡುವುದೂ ಸುಲಭ.

1962ರಲ್ಲಿ ವೇಡ್-ಡಾಲ್-ಟಿಲ್ ವಾಲ್ವ್ ತಯಾರಾಯಿತು. 1964ರಲ್ಲಿ ಟಿಲ್ ಇದರ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಮೂವರೂ ಇದರಿಂದ ಒಂದು ಪೈಸೆ ಲಾಭ ತೆಗೆದುಕೊಳ್ಳುವುದಿಲ್ಲ ಎಂದು ಒಪ್ಪಿಕೊಂಡಿದ್ದರು. ಬೇರೆ ಬೇರೆ ದೇಶಗಳ ಸುಮಾರು 3000 ಮಕ್ಕಳಿಗೆ ಈ ವಾಲ್ವ್ ಹಾಕಲಾಯಿತು. ಆಮೇಲೆ ಇನ್ನೂ ಒಳ್ಳೆಯ ವಾಲ್ವ್‌ಗಳು ಬಂದು ಇದು ಹಿಂದೆ ಸರಿಯಿತು.

ಡಾಲ್ ಮಗನ ವಿಷಯಕ್ಕೆ ಬಂದರೆ, ವಾಲ್ವ್ ತಯಾರಾಗುವಷ್ಟರಲ್ಲಿ ಅವನ ಸ್ಥಿತಿ ಸುಧಾರಿಸಿತ್ತು. ಅವನಿಗೆ ಅದರ ಅಗತ್ಯವೇ ಬೀಳಲಿಲ್ಲ. ಹಾಗಿದ್ದರೆ ಅಪ್ಪನ ಓಡಾಟ ವ್ಯರ್ಥವಾಯಿತೆ? 3000 ಮನೆಗಳನ್ನು ಕೇಳಬೇಕು.

ಇಂಥ ಕೆಲಸಕ್ಕೆ ಕೈಹಾಕಿದ ಅಪ್ಪ ಡಾಲ್ ಒಬ್ಬರೇ ಅಲ್ಲ ಅನ್ನುವುದನ್ನೂ ಹೇಳಬೇಕು. 1950ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಹೋಲ್ಟರ್ ಎಂಬ ಮೆಕ್ಯಾನಿಕ್ ಇದ್ದರು. ಅವರ ಮಗನಿಗೂ ಇದೇ ತೊಂದರೆ. ಶಸ್ತ್ರಚಿಕಿತ್ಸಕ ಯೂಜೀನ್ ಸ್ಪಿಟ್ಜ್ ಜೊತೆ ಸೇರಿ ಹೋಲ್ಟರ್ ಮಾಡಿದ ಸೀಳಿನ ವಾಲ್ವೇ ಶಂಟ್ ಚಿಕಿತ್ಸೆಯನ್ನು ಜಗತ್ತಿನಾದ್ಯಂತ ಸಾಧ್ಯವಾಗಿಸಿತು. ಆ ಮಗು ಉಳಿಯಲಿಲ್ಲ. ಹೋಲ್ಟರ್ ಹೆಸರಿನ ಫಾರ್ವರ್ಡ್ ಯಾರಿಗೂ ಬರುವುದಿಲ್ಲ, ಅವರು ಚಾಕೊಲೇಟ್ ಫ್ಯಾಕ್ಟರಿ ಕತೆ ಬರೆದಿರಲಿಲ್ಲ.

ಭಾರತದ ಕೊಂಡಿಯೂ ಒಂದಿದೆ. ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಶಂಟ್ ಅನ್ನು ಉಗಾಂಡಾದಲ್ಲಿ ಬೆಂಜಮಿನ್ ವಾರ್ಫ್ ಎಂಬ ಶಸ್ತ್ರಚಿಕಿತ್ಸಕರು ವಿದೇಶಿ ದುಬಾರಿ ಶಂಟ್ ಜೊತೆ ಹೋಲಿಸಿ ನೋಡಿದರು. 195 ಮಕ್ಕಳ ಮೇಲೆ ನಡೆದ ಆ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ನಮ್ಮದರ ಬೆಲೆ ಸುಮಾರು 35 ಡಾಲರ್, ಅವರದ್ದು ಸುಮಾರು 650 ಡಾಲರ್. ಒಂದು ವರ್ಷದ ಫಲಿತಾಂಶದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಬೆಲೆ ಕಡಿಮೆಯಾದ್ದರಿಂದ ಮಗುವಿಗೆ ಕಳಪೆ ಸಾಮಾನು ಹಾಕಿಸಿದೆವೇನೋ ಎಂದು ಕೊರಗುವವರು ಇದನ್ನು ಓದಬೇಕು.

ಅದೇ ವರ್ಷದ ನವೆಂಬರ್

ವಾಲ್ವ್ ತಯಾರಾದ 1962ರ ಕೊನೆಯಲ್ಲಿ ಗ್ರೇಟ್ ಮಿಸೆಂಡನ್‌ನ ಮನೆ ಸ್ವಲ್ಪ ಉಸಿರಾಡುವ ಹಾಗಾಗಿತ್ತು. ಆಗ ದೊಡ್ಡ ಮಗಳು ಒಲಿವಿಯಾಳ ಶಾಲೆಯಲ್ಲಿ ದಡಾರ ಹರಡುತ್ತಿತ್ತು. ಒಲಿವಿಯಾಳಿಗೆ ಏಳು ವರ್ಷ.

ದಡಾರದ ಲಸಿಕೆ ಆಗ ಇರಲಿಲ್ಲ. ಅಮೆರಿಕದಲ್ಲಿ ಅದು ಬಂದದ್ದು 1963ರಲ್ಲಿ, ಬ್ರಿಟನ್ನಿನಲ್ಲಿ ಎಲ್ಲ ಮಕ್ಕಳಿಗೆ ಕೊಡಲು ಶುರುಮಾಡಿದ್ದು 1968ರಲ್ಲಿ. ಇದ್ದದ್ದು ಗಾಮಾ ಗ್ಲಾಬ್ಯುಲಿನ್ ಎಂಬ ಚುಚ್ಚುಮದ್ದು. ಬೇರೆಯವರ ರಕ್ತದಿಂದ ತೆಗೆದ ಪ್ರತಿಕಾಯಗಳು ಅವು, ಕೆಲವು ವಾರ ರಕ್ಷಣೆ ಕೊಡುತ್ತವೆ. ಬ್ರಿಟನ್ನಿನಲ್ಲಿ ಅದು ಎಲ್ಲರಿಗೂ ಸಿಗುತ್ತಿರಲಿಲ್ಲ. ಲಸಿಕೆ ಸಂಸ್ಥೆಯೊಂದರ ಮುಖ್ಯಸ್ಥರಾಗಿದ್ದ ನೆಂಟರ ಮೂಲಕ ಡಾಲ್ ದಂಪತಿಗೆ ಸ್ವಲ್ಪ ಸಿಕ್ಕಿತು, ಒಂದು ಮಗುವಿಗೆ ಆಗುವಷ್ಟು. ಯಾರಿಗೆ ಕೊಡುವುದು ಎಂದು ಯೋಚಿಸುವ ಹಾಗೇ ಇರಲಿಲ್ಲ. ತಲೆಗೆ ಏಟು ಬಿದ್ದು, ಆಪರೇಷನ್ ಮೇಲೆ ಆಪರೇಷನ್ ಆಗಿದ್ದ ಮಗನಿಗೆ ಕೊಟ್ಟರು. ಹುಡುಗಿಯರು ಗಟ್ಟಿಮುಟ್ಟಾಗಿದ್ದರು, ದಡಾರ ಎಲ್ಲ ಮಕ್ಕಳಿಗೂ ಬಂದು ಹೋಗುವಂಥದ್ದು ಎಂದೇ ಆಗಿನ ತಿಳಿವಳಿಕೆ.

ಈ ಜಾಗದಲ್ಲಿ ನಾವು ಬಹಳ ಹೊತ್ತು ನಿಂತೆವು. ಮನೆಯಲ್ಲಿ ಒಂದು ಮಗುವಿಗೆ ದೊಡ್ಡ ಕಾಯಿಲೆ ಇದ್ದಾಗ ಇನ್ನೊಂದು ಮಗು ತನ್ನಷ್ಟಕ್ಕೆ ತಾನು ಗಟ್ಟಿ ಎಂದು ಇಡೀ ಮನೆ ನಂಬಿಬಿಡುತ್ತದೆ. ಅದರಲ್ಲಿ ಯಾರ ತಪ್ಪೂ ಇರುವುದಿಲ್ಲ. ಅವತ್ತು ಆ ಒಂದು ಡೋಸ್ ನಮ್ಮ ಕೈಯಲ್ಲಿದ್ದಿದ್ದರೆ ನಾವೂ ಅದನ್ನು ಮಗನಿಗೇ ಕೊಡುತ್ತಿದ್ದೆವು.

ಒಲಿವಿಯಾಳಿಗೆ ದಡಾರ ಬಂತು. ಕೆಲವು ದಿನ ಮಲಗಿದಳು, ಆಮೇಲೆ ಚೇತರಿಸಿಕೊಳ್ಳುವ ಹಾಗೆ ಕಂಡಿತು. ಅಪ್ಪ ಹಾಸಿಗೆಯ ಪಕ್ಕ ಕೂತು ಬಣ್ಣದ ತಂತಿಯಲ್ಲಿ ಪುಟ್ಟ ಪ್ರಾಣಿಗಳನ್ನು ಮಾಡುವುದು ಕಲಿಸುತ್ತಿದ್ದರು. ಅವಳ ಬೆರಳುಗಳು ಹೇಳಿದ ಮಾತು ಕೇಳುತ್ತಿಲ್ಲ ಅನ್ನುವುದು ಅವರ ಗಮನಕ್ಕೆ ಬಂತು. ತುಂಬಾ ನಿದ್ದೆ ಬರುತ್ತಿದೆ ಎಂದಳು. ಒಂದು ಗಂಟೆಯಲ್ಲಿ ಪ್ರಜ್ಞೆ ತಪ್ಪಿತು. ಹನ್ನೆರಡು ಗಂಟೆಯೊಳಗೆ ಹೋಗಿಬಿಟ್ಟಳು. ಅದು 1962ರ ನವೆಂಬರ್ 17. ಡಾಲ್‌ರ ಅಕ್ಕ ಹೋದಾಗ ಅವಳಿಗೂ ಏಳೇ ವರ್ಷ.

ಆಗಿದ್ದು ದಡಾರದ ವೈರಸ್ಸಿನಿಂದ ಮೆದುಳಿಗೆ ಬರುವ ಉರಿಯೂತ. ದಡಾರ ಬಂದ ಸಾವಿರ ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಹೀಗಾಗುತ್ತದೆ. ಇನ್ನು ನ್ಯುಮೋನಿಯಾ, ಭೇದಿ, ಕಣ್ಣು ಹೋಗುವುದು ಬೇರೆ. ಗುಣವಾಯಿತು ಎಂದುಕೊಂಡ ಎಷ್ಟೋ ವರ್ಷಗಳ ನಂತರ ಮೆದುಳನ್ನು ಮೆಲ್ಲಗೆ ಹಾಳುಮಾಡುವ, ಚಿಕಿತ್ಸೆಯಿಲ್ಲದ ಇನ್ನೊಂದು ಕಾಯಿಲೆಯೂ ಇದೇ ವೈರಸ್ಸಿನಿಂದ ಅಪರೂಪಕ್ಕೆ ಬರುತ್ತದೆ. ಲಸಿಕೆ ಬರುವ ಮೊದಲು ಜಗತ್ತಿನಲ್ಲಿ ದಡಾರದಿಂದ ವರ್ಷಕ್ಕೆ ಸುಮಾರು 26 ಲಕ್ಷ ಜನ ಸಾಯುತ್ತಿದ್ದರು, ಹೆಚ್ಚಿನವರು ಮಕ್ಕಳು.

ನಮ್ಮಲ್ಲಿ ದಡಾರವನ್ನು ಅಮ್ಮ ಬಂದಿದ್ದಾಳೆ ಅನ್ನುವುದುಂಟು. ಬೇವಿನ ಸೊಪ್ಪು ಕಟ್ಟಿ, ತಂಪು ಮಾಡಿ, ಮಗುವನ್ನು ಪ್ರತ್ಯೇಕ ಮಲಗಿಸುತ್ತಾರೆ. ಮಗುವನ್ನು ಬೇರೆಯವರಿಂದ ದೂರ ಇಡುವುದು ಸರಿಯಾದದ್ದೇ. ಡಾಕ್ಟರ್ ಹತ್ತಿರ ಹೋಗಬಾರದು, ಔಷಧಿ ಮುಟ್ಟಿಸಬಾರದು ಅನ್ನುವುದು ಮಾತ್ರ ಸರಿಯಲ್ಲ. ದಡಾರ ಬಂದ ಮಗುವಿಗೆ ವಿಟಮಿನ್ ಎ ಕೊಡಿಸಬೇಕು, ಉಸಿರಾಟ ಜೋರಾದರೆ, ಮಂಪರು ಕವಿದರೆ, ಫಿಟ್ಸ್ ಬಂದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಮತ್ತೊಮ್ಮೆ ಆಸ್ಪತ್ರೆ

ಡಾಲ್ ಮನೆಯ ಕಷ್ಟ ಅಲ್ಲಿಗೂ ಮುಗಿಯಲಿಲ್ಲ. 1965ರ ಫೆಬ್ರವರಿಯಲ್ಲಿ, ಲಾಸ್ ಏಂಜಲೀಸ್‌ನಲ್ಲಿ, ಗರ್ಭಿಣಿಯಾಗಿದ್ದ ಪ್ಯಾಟ್ರಿಷಿಯಾ ನೀಲ್‌ಗೆ ಮೆದುಳಿನ ರಕ್ತನಾಳ ಒಡೆದು ಒಂದರ ಮೇಲೊಂದು ಸ್ಟ್ರೋಕ್ ಆಯಿತು. ದೊಡ್ಡ ಆಪರೇಷನ್ ಆಯಿತು, ಸುಮಾರು ಮೂರು ವಾರ ಕೋಮಾದಲ್ಲಿದ್ದರು. ಎಚ್ಚರವಾದಾಗ ಮಾತಿಲ್ಲ, ನಡೆಯಲಾಗುತ್ತಿಲ್ಲ. ಆಗಸ್ಟ್‌ನಲ್ಲಿ ಆರೋಗ್ಯವಾದ ಹೆಣ್ಣುಮಗು ಹುಟ್ಟಿತು.

ಅಂಥ ರೋಗಿಗೆ ಆಗ ಸಿಗುತ್ತಿದ್ದ ಮಾತಿನ ತರಬೇತಿ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. ಡಾಲ್‌ಗೆ ಅದು ಸಾಲಲಿಲ್ಲ. ಊರಿನ ನೆರೆಹೊರೆಯವರನ್ನು, ಸ್ನೇಹಿತರನ್ನು ಸೇರಿಸಿ ಸರದಿ ಹಾಕಿದರು. ಒಬ್ಬರಾದ ಮೇಲೆ ಒಬ್ಬರು ಬಂದು ದಿನಕ್ಕೆ ಆರು ಗಂಟೆ ಮಾತು, ಓದು, ಲೆಕ್ಕ, ಪದಬಂಧ ಮಾಡಿಸುತ್ತಿದ್ದರು. ಮೂರು ವರ್ಷಗಳ ನಂತರ ನೀಲ್ ಮತ್ತೆ ಸಿನಿಮಾದಲ್ಲಿ ನಟಿಸಿದರು, ಆ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ಆ ಸರದಿಯಲ್ಲಿದ್ದ ನೆರೆಯವರು ವ್ಯಾಲರಿ ಈಟನ್ ಗ್ರಿಫಿತ್ ಈ ಅನುಭವವನ್ನು 1970ರಲ್ಲಿ ಪುಸ್ತಕವಾಗಿ ಬರೆದರು. ಸ್ಟ್ರೋಕ್ ಆದವರಿಗೆ ಸ್ವಯಂಸೇವಕರು ಮನೆಗೇ ಹೋಗಿ ಸಹಾಯ ಮಾಡುವ ವ್ಯವಸ್ಥೆ ಬ್ರಿಟನ್ನಿನಲ್ಲಿ ಬೆಳೆದದ್ದು ಅಲ್ಲಿಂದ.

ಇದರ ಇನ್ನೊಂದು ಮುಖವನ್ನು ಮುಚ್ಚಿಡುವುದು ಸರಿಯಲ್ಲ. ಡಾಲ್ ಬಹಳ ಕಠಿಣವಾಗಿದ್ದರು. ಹೆಂಡತಿ ವಸ್ತುವಿನ ಹೆಸರು ಹೇಳುವ ತನಕ ಕೇಳಿದ್ದನ್ನು ಕೊಡುತ್ತಿರಲಿಲ್ಲ. ಅವಳು ಎದ್ದು ನಿಂತದ್ದು ಇದರಿಂದಲೇ ಎಂದವರಿದ್ದಾರೆ, ಇದು ಕ್ರೌರ್ಯ ಎಂದವರೂ ಇದ್ದಾರೆ. 1983ರಲ್ಲಿ ಇಬ್ಬರೂ ಬೇರೆಯಾದರು. ಅದೇ ವರ್ಷ ಡಾಲ್ ಯಹೂದಿಗಳ ಬಗ್ಗೆ ದ್ವೇಷದ ಮಾತುಗಳನ್ನು ಆಡಿದರು. 2020ರಲ್ಲಿ ಅವರ ಕುಟುಂಬ ಅದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿತು. ಮಗನ ವಾಲ್ವಿಗಾಗಿ ಓಡಾಡಿದ ಅಪ್ಪ ಮತ್ತು ಈ ಮನುಷ್ಯ ಒಬ್ಬರೇ. ಫಾರ್ವರ್ಡ್‌ಗಳಲ್ಲಿ ಮಹಾಪುರುಷರು ಮಾತ್ರ ಇರುತ್ತಾರೆ, ಅದಕ್ಕೇ ಇದನ್ನೂ ಹೇಳಿದೆವು.

ಇಪ್ಪತ್ತನಾಲ್ಕು ವರ್ಷಗಳ ನಂತರ ಬರೆದ ಪುಟ

ಒಲಿವಿಯಾಳ ಸಾವಿನ ಬಗ್ಗೆ ಡಾಲ್ ಬಹಳ ವರ್ಷ ಹೆಚ್ಚು ಮಾತಾಡಲಿಲ್ಲ. 1982ರಲ್ಲಿ ಬಂದ ದಿ ಬಿಎಫ್‌ಜಿ ಪುಸ್ತಕವನ್ನು ಅವಳಿಗೆ ಅರ್ಪಿಸಿದರು. 1986ರಲ್ಲಿ, ಬ್ರಿಟನ್ನಿನಲ್ಲಿ ಲಸಿಕೆ ಇದ್ದೂ ಬಹಳಷ್ಟು ಪೋಷಕರು ಹಾಕಿಸದೇ ಇದ್ದಾಗ, ಅವರು ಪೋಷಕರಿಗಾಗಿ ಒಂದು ಚಿಕ್ಕ ಬರಹ ಬರೆದರು. ಆ ಸಂಜೆ ನಡೆದದ್ದನ್ನು ನಡೆದ ಹಾಗೇ ಹೇಳಿ, ತನ್ನ ಮಗಳ ಕಾಲದಲ್ಲಿ ಲಸಿಕೆ ಇರಲಿಲ್ಲ, ನಿಮ್ಮ ಮಕ್ಕಳಿಗೆ ಇದೆ, ಹಾಕಿಸಿ ಎಂದು ಕೇಳಿಕೊಂಡರು. ದಡಾರ ಎಲ್ಲೆಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೋ ಅಲ್ಲೆಲ್ಲ ಆ ಪುಟ ಈಗಲೂ ಹೊರಗೆ ಬರುತ್ತದೆ. ಅದು ಮಾತ್ರ ಫಾರ್ವರ್ಡ್ ಮಾಡಲು ಯೋಗ್ಯ.

ಇದು ದೂರದ ದೇಶದ ಮಾತು ಅನ್ನಿಸಿದರೆ 2017ನ್ನು ನೆನಪಿಸಿಕೊಳ್ಳಿ. ಆ ವರ್ಷ ಫೆಬ್ರವರಿ 5ರಂದು ದೇಶದ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಶಾಲೆಗಳಲ್ಲೇ ಹಾಕಲು ಹೊರಟಾಗ ವಾಟ್ಸಾಪ್‌ನಲ್ಲಿ ವದಂತಿಗಳು ಹಬ್ಬಿದವು. ಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲವಂತೆ, ಆಟಿಸಂ ಬರುತ್ತದಂತೆ. ಆಟಿಸಂ ಮಾತಿಗೆ ಮೂಲ ಬ್ರಿಟನ್ನಿನ ಆಂಡ್ರ್ಯೂ ವೇಕ್‌ಫೀಲ್ಡ್ 1998ರಲ್ಲಿ ಪ್ರಕಟಿಸಿದ ಲೇಖನ. ಲ್ಯಾನ್ಸೆಟ್ ಪತ್ರಿಕೆ ಅದನ್ನು 2010ರಲ್ಲಿ ಹಿಂತೆಗೆದುಕೊಂಡಿತು, ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ಅವರ ಹೆಸರನ್ನೂ ತೆಗೆದುಹಾಕಲಾಯಿತು. ಹೌದು, ವೇಡ್-ಡಾಲ್-ಟಿಲ್ ವಾಲ್ವಿನ ವರದಿ ಬಂದಿದ್ದ ಅದೇ ಲ್ಯಾನ್ಸೆಟ್.

ಸರ್ಕಾರಿ ಪಟ್ಟಿಯ ಪ್ರಕಾರ ಮಗುವಿಗೆ ಎರಡು ಡೋಸ್ ಆಗಬೇಕು. ಮೊದಲನೆಯದು 9ರಿಂದ 12 ತಿಂಗಳಲ್ಲಿ, ಎರಡನೆಯದು 16ರಿಂದ 24 ತಿಂಗಳಲ್ಲಿ. ಉಚಿತ. ತಾಯಿ ಕಾರ್ಡಿನಲ್ಲಿ ಎಂಆರ್ ಎಂದು ಬರೆದಿರುವ ಎರಡು ಮನೆಗಳು ತುಂಬಿವೆಯೇ ನೋಡಿ. ಮನೆಯಲ್ಲಿ ಶಂಟ್ ಇರುವ, ಹೃದಯದ ಆಪರೇಷನ್ ಆದ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗು ಇದ್ದರೆ ಅದಕ್ಕೆ ಯಾವಾಗ ಯಾವ ಲಸಿಕೆ ಎಂದು ಅದನ್ನು ನೋಡುವ ಡಾಕ್ಟರನ್ನೇ ಕೇಳಬೇಕು, ಯಾಕೆಂದರೆ ಕೆಲವು ಮಕ್ಕಳಿಗೆ ಈ ಲಸಿಕೆ ಕೊಡುವಂತಿಲ್ಲ. ಅಂಥ ಮಗುವಿಗೆ ರಕ್ಷಣೆ ಅದರ ಸುತ್ತಲಿನ ಮಕ್ಕಳಿಂದ ಬರಬೇಕು. ನೂರರಲ್ಲಿ 95 ಮಕ್ಕಳಿಗೆ ಎರಡೂ ಡೋಸ್ ಆಗಿದ್ದರೆ ದಡಾರ ಆ ಮನೆಯ ಬಾಗಿಲಿಗೆ ಬರುವುದು ಕಷ್ಟ. ಅಣ್ಣನ ಡೋಸ್, ಪಕ್ಕದ ಮನೆ ಹುಡುಗಿಯ ಡೋಸ್ ಎಲ್ಲವೂ ಅದರ ಲೆಕ್ಕಕ್ಕೆ ಬರುತ್ತದೆ.

ಡಾಲ್ 1990ರ ನವೆಂಬರ್ 23ರಂದು, 74ನೇ ವಯಸ್ಸಿನಲ್ಲಿ, ರಕ್ತದ ಕಾಯಿಲೆಯಿಂದ ಆಕ್ಸ್‌ಫರ್ಡ್‌ನ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಕೊನೆಯ ದಿನಗಳಲ್ಲಿ ಅವರನ್ನು ನೋಡಿಕೊಂಡವರಲ್ಲಿ ಟಾಮ್ ಸಾಲಮನ್ ಎಂಬ ಕಿರಿಯ ವೈದ್ಯರಿದ್ದರು. ಮುಂದೆ ಅವರು ಮೆದುಳಿನ ಸೋಂಕುಗಳ ತಜ್ಞರಾದರು, ಡಾಲ್ ಮತ್ತು ವೈದ್ಯಕೀಯದ ನಂಟಿನ ಬಗ್ಗೆ 2016ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಡಾಲ್ ತೀರಿಕೊಂಡ ಮರುವರ್ಷ ಎರಡನೇ ಹೆಂಡತಿ ಫೆಲಿಸಿಟಿ ಅವರ ಹೆಸರಿನಲ್ಲಿ ಒಂದು ಸಂಸ್ಥೆ ಕಟ್ಟಿದರು. ಗಂಭೀರ ಕಾಯಿಲೆಯ ಮಕ್ಕಳಿಗಾಗಿ ತರಬೇತಾದ ನರ್ಸ್‌ಗಳನ್ನು ಅದು ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ನೇಮಿಸುತ್ತದೆ. ಮಗು ಡಿಸ್ಚಾರ್ಜ್ ಆಗಿ ಮನೆಗೆ ಹೋದ ಮೇಲೂ ಅಪ್ಪ ಅಮ್ಮ ಗಾಬರಿಯಲ್ಲಿ ಫೋನ್ ಮಾಡಿದರೆ ಆ ಮಗುವಿನ ವಿಷಯ ಗೊತ್ತಿರುವ ನರ್ಸ್ ಒಬ್ಬರು ಆ ಕಡೆಯಿಂದ ಮಾತಾಡುತ್ತಾರೆ.